ಡೀಫಾಲ್ಟ್ ಪ್ರಿಂಟರ್ ಯಾರಪ್ಪನ ಮನೆ ಆಸ್ತಿ?

ಪ್ರಿಂಟ್ ಕೊಟ್ಟರೆ ಕಾಗದ ಬರಬೇಕು. ಇಷ್ಟು ಸರಳವಾದ ವಿಷಯಕ್ಕೆ ಒಂದು ಲೇಖನ ಬರೆಯಬೇಕಾಗಿ ಬಂದಿದೆ ಅಂದ್ರೆ ನಮ್ಮ ತಂತ್ರಾಂಶ ಲೋಕದ ಮರ್ಯಾದೆ ಎಷ್ಟಿದೆ ನೋಡಿ.

ವಿಷಯ ಫ್ಯಾಕ್ಸಿನದು. "ಫ್ಯಾಕ್ಸಾ? ಈ ಕಾಲದಲ್ಲಾ?" ಅಂತ ನಗಬೇಡಿ :) ಪ್ರಿಂಟು, ಸ್ಕ್ಯಾನು, ಜೆರಾಕ್ಸು ಎಲ್ಲ ಮಾಡುವ ಆಲ್-ಇನ್-ಒನ್ ಮೆಷಿನ್ನುಗಳಲ್ಲಿ ಎಷ್ಟೋ ಮಾದರಿಗಳಿಗೆ ಫ್ಯಾಕ್ಸು ಈಗಲೂ ಅಂಟಿಕೊಂಡೇ ಬರುತ್ತೆ. ಡ್ರೈವರ್ ಹಾಕಿದ ಕೂಡಲೇ ವಿಂಡೋಸ್‌ನಲ್ಲಿ ಒಂದರ ಬದಲು ಎರಡು ಪ್ರಿಂಟರ್ ಹುಟ್ಟಿಕೊಳ್ಳುತ್ತವೆ. ಒಂದು ನಿಜವಾದದ್ದು, ಇನ್ನೊಂದು ಫ್ಯಾಕ್ಸ್. ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ.

ಫ್ಯಾಕ್ಸನ್ನು ಪ್ರಿಂಟರ್ ವೇಷದಲ್ಲಿ ಕೂರಿಸಿದ್ದು ಜಾಣ ಉಪಾಯ, ಅದನ್ನು ನಾನು ಬೈಯುತ್ತಿಲ್ಲ. ಪ್ರಿಂಟ್ ಮಾಡಲು ಬರುವ ಯಾವ ಪ್ರೋಗ್ರಾಮಿನಿಂದಲಾದರೂ ಫ್ಯಾಕ್ಸ್ ಕಳಿಸಬಹುದು. ನನ್ನ ತಕರಾರು ಇರೋದು ಡೀಫಾಲ್ಟ್ ಅನ್ನೋ ಕುರ್ಚಿಯ ಬಗ್ಗೆ. ಆ ಕುರ್ಚಿ ಒಬ್ಬ ಬಳಕೆದಾರನಿಗೆ ಒಂದೇ. ವರ್ಡ್, ಎಕ್ಸೆಲ್, ನೋಟ್‌ಪ್ಯಾಡ್ ಎಲ್ಲವೂ ಅದನ್ನೇ ನೋಡಿಕೊಂಡು ಕೆಲಸ ಮಾಡ್ತವೆ. ಅಲ್ಲಿ ಯಾರು ಕೂರಬೇಕು ಅಂತ ಹೇಳುವ ಹಕ್ಕು ಕಂಪ್ಯೂಟರಿನ ಮುಂದೆ ಕೂತವರದು.

ಫ್ಯಾಕ್ಸ್ ತಂತ್ರಾಂಶಗಳು ಏನು ಮಾಡುತ್ತಾ ಬಂದಿವೆ ಗೊತ್ತಾ? ನೀವು ಒಂದು ವರ್ಡ್ ಫೈಲನ್ನು ಲಗತ್ತಿಸಿ "ಕಳಿಸು" ಅಂದಾಗ, ಅದನ್ನು ಚುಕ್ಕಿಗಳ ಚಿತ್ರವಾಗಿಸಬೇಕಲ್ಲ, ಆಗ ಎಷ್ಟೋ ತಂತ್ರಾಂಶಗಳು ಸದ್ದಿಲ್ಲದೆ ತಮ್ಮನ್ನೇ ಡೀಫಾಲ್ಟ್ ಮಾಡಿಕೊಳ್ಳುತ್ತವೆ. ವರ್ಡ್‌ಗೆ "ಪ್ರಿಂಟ್ ಮಾಡು" ಅನ್ನುತ್ತವೆ. ಕೆಲಸ ಮುಗಿದ ಮೇಲೆ ಹಳೆಯ ಪ್ರಿಂಟರನ್ನು ಮತ್ತೆ ಕೂರಿಸುತ್ತವೆ. ನಡುವೆ ವರ್ಡ್ ಒಂದು ಪ್ರಶ್ನೆ ಕೇಳುತ್ತಾ ನಿಂತರೆ? ತಂತ್ರಾಂಶ ಕುಸಿದು ಬಿದ್ದರೆ? ಕರೆಂಟು ಹೋದರೆ? (ನಮ್ಮೂರಿನಲ್ಲಿ ಈ ಪ್ರಶ್ನೆಗೆ "ಹೋದರೆ" ಅನ್ನೋ ಪದವೇ ತಪ್ಪು.) ಹಳೆಯದನ್ನು ಕೂರಿಸುವ ಸಾಲು ಓಡುವುದೇ ಇಲ್ಲ. ಕುರ್ಚಿಯಲ್ಲಿ ಫ್ಯಾಕ್ಸೇ ಉಳಿಯುತ್ತೆ.

ಮೈಕ್ರೋಸಾಫ್ಟಿನ ರೇಮಂಡ್ ಚೆನ್ ತಮ್ಮ ಬ್ಲಾಗಿನಲ್ಲಿ ಒಂದು ಪ್ರಶ್ನೆಯನ್ನು ಹಲವು ಸಲ ಎತ್ತಿದ್ದಾರೆ: ನೀನು ಮಾಡಿದ್ದನ್ನೇ ಇನ್ನೊಂದು ಪ್ರೋಗ್ರಾಮೂ ಮಾಡಿದರೆ ಏನಾಗುತ್ತೆ? ಇಲ್ಲಿಗೆ ಸರಿಯಾಗಿ ಹೊಂದುತ್ತೆ. ತಮಾಷೆ ಅಂದ್ರೆ, "ಈ ಪ್ರಿಂಟರಿಗೇ ಕಳಿಸು" ಅಂತ ಹೇಳುವ ಪ್ರಿಂಟ್‌ಟು ಅನ್ನೋ ಆದೇಶ ವಿಂಡೋಸ್‌ನಲ್ಲಿ ಬಹಳ ಹಿಂದಿನಿಂದಲೇ ಇದೆ. ಅದನ್ನು ಬಳಸಿದರೆ ಡೀಫಾಲ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಆಫೀಸ್ ಕಡೆಯವರೂ ಸಾಚಾ ಅಲ್ಲ. ವರ್ಡ್ ಮ್ಯಾಕ್ರೋದಲ್ಲಿ ಆಕ್ಟಿವ್‌ಪ್ರಿಂಟರ್ ಅನ್ನು ಬದಲಿಸಿದರೆ ಇಡೀ ವಿಂಡೋಸ್‌ನ ಡೀಫಾಲ್ಟೇ ಬದಲಾಗುವ ಚಾಳಿ ಬಹಳ ಕಾಲದಿಂದ ಇತ್ತು.

ಇದು ಸಾಲದು ಅಂತ ೨೦೧೫ರ ನವೆಂಬರಿನಲ್ಲಿ ಬಂದ ವಿಂಡೋಸ್ ೧೦ರ ಆವೃತ್ತಿಯಲ್ಲಿ (೧೫೧೧) "ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ" ಅನ್ನುವ ಸೌಲಭ್ಯ ಸೇರಿಕೊಂಡಿತು. ಕೊನೆಯ ಸಲ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದೇ ಡೀಫಾಲ್ಟ್. ಅಂದರೆ ಬೆಳಿಗ್ಗೆ ಒಂದು ಫ್ಯಾಕ್ಸ್ ಕಳಿಸಿದರೆ ಆಮೇಲೆ ಕೊಡುವ ಪ್ರಿಂಟೆಲ್ಲ ಫ್ಯಾಕ್ಸಿಗೇ!

ಇದರ ಏಟು ಯಾರಿಗೆ ಬೀಳುತ್ತೆ ಅನ್ನೋದೇ ನನ್ನ ಸಿಟ್ಟಿಗೆ ಕಾರಣ. ನನ್ನ ಸೋದರತ್ತೆ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಮಾರ್ಚ್ ಕೊನೆಯ ಲೆಕ್ಕ, ಕೌಂಟರಿನಲ್ಲಿ ಜನ. ಎಕ್ಸೆಲ್‌ನಲ್ಲಿ ಪ್ರಿಂಟ್ ಒತ್ತಿದರೆ "ಫ್ಯಾಕ್ಸ್ ನಂಬರ್ ಕೊಡಿ" ಅಂತ ಒಂದು ಕಿಟಕಿ. ಸರ್ವೀಸಿನವನು ಬಂದು ಎರಡು ಕ್ಲಿಕ್ ಮಾಡಿ, "ಮೇಡಂ, ನೀವೇ ಏನೋ ಒತ್ತಿದ್ದೀರಿ" ಅಂತ ಹೇಳಿ ದುಡ್ಡು ತಗೊಂಡು ಹೋದ. ಹೀಗೆ ಮೂರು ಸಲ. ಮೂರನೇ ಸಲಕ್ಕೆ ಕಾರ್ಯದರ್ಶಿಗಳೇ "ಇವರಿಗೆ ಕಂಪ್ಯೂಟರ್ ಬರಲ್ಲ" ಅಂದರಂತೆ. ಇಪ್ಪತ್ತು ವರ್ಷ ಕೈಬರಹದ ಲೆಡ್ಜರಿನಲ್ಲಿ ಒಂದು ಪೈಸೆ ತಪ್ಪಿಸದವರು ಅತ್ತೆ. ಅವರು ಒತ್ತಿದ್ದು ಪ್ರಿಂಟ್ ಗುಂಡಿಯನ್ನೇ ಸ್ವಾಮಿ! ನಮ್ಮ ವೃತ್ತಿಯಲ್ಲಿ ಇದಕ್ಕೆ "ಯೂಸರ್ ಎರರ್" ಅಂತ ಇಂಗ್ಲಿಷಿನ ಹೆಸರು ಇಟ್ಟಿದ್ದಾರೆ.

ಫ್ಯಾಕ್ಸಿಗೆ ಹೋಗದಿದ್ದರೂ ಕಾಟ ತಪ್ಪಲ್ಲ. ಎಕ್ಸೆಲ್ ಪುಟ ಎಲ್ಲಿ ಮುರಿಯಬೇಕು ಅಂತ ಲೆಕ್ಕ ಹಾಕೋದು ಪ್ರಿಂಟರ್ ಡ್ರೈವರನ್ನು ಕೇಳಿಕೊಂಡು. ವರ್ಡ್ ಕೂಡ ಹಲವು ಕಡತಗಳಲ್ಲಿ ಹಾಗೆಯೇ. ಫ್ಯಾಕ್ಸಿನ ಸಾಮಾನ್ಯ ಗುಣಮಟ್ಟ ಇಂಚಿಗೆ ಅಡ್ಡ ೨೦೪ ಚುಕ್ಕಿ, ಉದ್ದಕ್ಕೆ ಬರೀ ೯೮. ಲೇಸರ್ ಪ್ರಿಂಟರು ೬೦೦. ಡೀಫಾಲ್ಟ್ ಬದಲಾದರೆ ಒಂದು ಪುಟದಲ್ಲಿ ಹಿಡಿಸುತ್ತಿದ್ದ ಪಟ್ಟಿಯ ಕೊನೆಯ ಸಾಲು ಎರಡನೇ ಪುಟಕ್ಕೆ ಜಾರಬಹುದು. ಇನ್ನು ಕನ್ನಡದ ಪಾಡು ಕೇಳಬೇಡಿ. ೧೦ ಪಾಯಿಂಟಿನ ಅಕ್ಷರಕ್ಕೆ ಉದ್ದಕ್ಕೆ ಸಿಗೋದು ಹದಿಮೂರೋ ಹದಿನಾಲ್ಕೋ ಸಾಲು ಚುಕ್ಕಿ. ಅದರಲ್ಲೇ ತಲೆಕಟ್ಟು, ಗುಣಿತ, ಒತ್ತಕ್ಷರ ಎಲ್ಲ ಹಿಡಿಸಬೇಕು!

"ಲ್ಯಾಪ್‌ಟಾಪ್ ಹಿಡಿದು ಮನೆಗೂ ಆಫೀಸಿಗೂ ಓಡಾಡುವವರಿಗೆ ಅನುಕೂಲ ಅಲ್ವಾ?" ಅಂತ ಗೆಳೆಯನೊಬ್ಬ ವಾದಿಸಿದ. ಒಪ್ಪಿದೆ. ಅವರಿಗೆ ಬೇಕಾದರೆ ಅವರು ಆನ್ ಮಾಡಿಕೊಳ್ಳಲಿ. ಒಂದೇ ಮೇಜು, ಒಂದೇ ಪ್ರಿಂಟರ್ ಇರುವ ಗುಮಾಸ್ತರಿಗೆ ಇದು ಯಾಕೆ? ಕೇಳಿ ಮಾಡಬೇಕಾದ ಕೆಲಸವನ್ನು ಕೇಳದೆ ಮಾಡಿದರೆ ಅದು ಉಪಕಾರ ಹೇಗಾಗುತ್ತೆ?

ಸದ್ಯಕ್ಕೆ ನಿಮ್ಮ ಮನೆಯವರ, ಪರಿಚಯದವರ ಗಣಕದಲ್ಲಿ ಹೀಗೆ ಮಾಡಿ:

೧. ಸೆಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್‌ಗೆ ಹೋಗಿ ಆ "ವಿಂಡೋಸೇ ನೋಡಿಕೊಳ್ಳಲಿ" ಅನ್ನೋದನ್ನ ಮೊದಲು ಆಫ್ ಮಾಡಿ. ಅದು ಆನ್ ಇದ್ದರೆ ಮುಂದಿನದೆಲ್ಲ ವ್ಯರ್ಥ.

೨. ನಿಜವಾದ ಪ್ರಿಂಟರನ್ನು ಡೀಫಾಲ್ಟ್ ಮಾಡಿ. ಈ ಆಯ್ಕೆ ಬಳಕೆದಾರರಿಗೆ ಬೇರೆಬೇರೆ, ಆದ್ದರಿಂದ ಅವರ ಲಾಗಿನ್‌ನಲ್ಲೇ ಮಾಡಬೇಕು.

೩. ಫ್ಯಾಕ್ಸ್ ಪ್ರಿಂಟರಿನ ಹೆಸರನ್ನು "ಫ್ಯಾಕ್ಸ್ - ಇದಕ್ಕೆ ಪ್ರಿಂಟ್ ಕೊಡಬೇಡಿ" ಅಂತ ಬದಲಿಸಿ.

೪. ಫ್ಯಾಕ್ಸ್ ಬಳಸುವುದೇ ಇಲ್ಲವಾದರೆ ಆ ಪ್ರಿಂಟರನ್ನು ಕಿತ್ತು ಹಾಕಿ.

೫. ಇಷ್ಟಾದರೂ ಮರುಕಳಿಸಿದರೆ, ಪ್ರತಿ ಫ್ಯಾಕ್ಸಿನ ಮುಂಚೆ, ಆಮೇಲೆ ಡೀಫಾಲ್ಟ್ ಯಾವುದಿದೆ ಅಂತ ನೋಡಿ. ಕಳ್ಳ ಫ್ಯಾಕ್ಸೋ ಮ್ಯಾಕ್ರೋವೋ ಅಂತ ಗೊತ್ತಾಗುತ್ತೆ.

ಅತ್ತೆಯ ಕಂಪ್ಯೂಟರಿಗೆ ಇದಿಷ್ಟು ಮಾಡಲು ಹಿಡಿದದ್ದು ಐದು ನಿಮಿಷ. ದುಡ್ಡು ತಗೊಂಡವನು ಇದನ್ನು ಮೊದಲ ಸಲವೇ ಮಾಡಬಹುದಿತ್ತು. ಆ ತಂತ್ರಾಂಶ ಬರೆದವರು ಪ್ರಿಂಟ್‌ಟು ಬಳಸಿದ್ದರೆ ಅವನು ಬರುವ ಅಗತ್ಯವೂ ಅಷ್ಟೊಂದು ಇರುತ್ತಿರಲಿಲ್ಲ. ಕೋಡ್ ಬರೆಯುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಪ್ರೋಗ್ರಾಮಿನ ಕೆಲಸಕ್ಕೆ ಇನ್ನೊಬ್ಬರ ಸೆಟ್ಟಿಂಗ್ ಬದಲಿಸುವ ಮುನ್ನ ಒಂದು ಮಾತು ಕೇಳಿ. ಆಮೇಲೆ ಅವರನ್ನು ದಡ್ಡರು ಅನ್ನಬೇಡಿ.

ಏನಂತೀರಿ?