ಹಳೆಯ ಕ್ಯಾಮರಾ ಕೊಳ್ಳುವ ಮುನ್ನ

ಮನೆಯ ಹುಡುಗರಿಗೆ ಈಚೆಗೆ ಫಿಲ್ಮ್ ಕ್ಯಾಮರಾದ ಹುಚ್ಚು ಹಿಡಿದಿದೆ. ಫೋನು ಕ್ಷಣಕ್ಕೊಂದು ಚಿತ್ರ ತೆಗೆಯುವಾಗ ಇದೇಕೆಂದು ಹಿರಿಯರು ಗೊಣಗುವುದುಂಟು. ನಾವಾದರೋ ಹುಡುಗರ ಪಕ್ಷ. ಇರುವುದು ಮೂವತ್ತಾರೇ ಚಿತ್ರವೆಂದ ಮೇಲೆ, ಅಜ್ಜಿ ಕಿಟಕಿಯ ಬೆಳಕಿಗೆ ಬಂದು ಕುಳಿತು ಸೆರಗು ಸರಿಪಡಿಸಿಕೊಳ್ಳುವವರೆಗೆ ಕಾಯುವ ತಾಳ್ಮೆ ತಾನಾಗಿ ಬರುತ್ತದೆ. ಆದರೆ ಕೊಳ್ಳುವುದನ್ನು ನೋಡಿ ಕೊಳ್ಳಬೇಕು.

ಹೆಚ್ಚಾಗಿ ಕೈಗೆ ಸಿಗುವುದು ಕ್ಯಾನನ್ ಎಇ-1. 1976ರಲ್ಲಿ ಜಪಾನಿನಲ್ಲಿ ಹೊರಬಂದ ಇದು, ಒಳಗೆ ಮೈಕ್ರೋಪ್ರೊಸೆಸರ್ ಇಟ್ಟುಕೊಂಡ ಮೊದಲ ಎಸ್‌ಎಲ್‌ಆರ್. ಷಟರಿನ ವೇಗವನ್ನು ನಾವು ಗೊತ್ತುಮಾಡಿದರೆ, ಲೆನ್ಸಿನ ಕಂಡಿ ಎಷ್ಟು ತೆರೆಯಬೇಕೆಂಬುದನ್ನು ಅದೇ ನಿರ್ಣಯಿಸುತ್ತದೆ. ಅನುಕೂಲವೇನೋ ಸರಿ, ಆದರೆ 6 ವೋಲ್ಟಿನ ಬ್ಯಾಟರಿ ಇಲ್ಲದಿದ್ದರೆ ಷಟರು ಮಿಸುಕುವುದೇ ಇಲ್ಲ. ಆದ್ದರಿಂದ ದೆಹಲಿಯ ಚಾಂದನಿ ಚೌಕಕ್ಕಾಗಲಿ ಮುಂಬಯಿಯ ಚೋರ್ ಬಜಾರಿಗಾಗಲಿ ಹೋಗುವವರು 4ಎಲ್‌ಆರ್44 ಬ್ಯಾಟರಿಯೊಂದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. "ಬ್ಯಾಟರಿ ಹಾಕಿದರೆ ಓಡುತ್ತದೆ ಸಾಹೇಬರೇ" ಎಂಬ ಮಾತಿಗೆ ಕಾಸು ಬಿಚ್ಚಬಾರದು. ವಿದ್ಯುತ್ ಭಾಗ ಸತ್ತರೆ, ಇನ್ನೊಂದು ಕೆಟ್ಟ ಕ್ಯಾಮರಾದಿಂದ ಕಿತ್ತು ಹಾಕುವುದೇ ಹೆಚ್ಚುಕಡಿಮೆ ಉಳಿದಿರುವ ದಾರಿ.

ಬ್ಯಾಟರಿಯ ಗೂಡಿನಲ್ಲಿ ಹಸಿರು ಕಿಲುಬಿದೆಯೇ ನೋಡಿ. ಷಟರು ಬಿಟ್ಟಾಗ ಕೀಚೆಂದು ಕೆಮ್ಮಿದರೆ ಹೆದರಬೇಕಿಲ್ಲ. ಕನ್ನಡಿಯ ಗಾಲಿಗಳು ಒಣಗಿವೆ, ಬಲ್ಲವನ ಕೈಯ ಎಣ್ಣೆಗೆ ಗುಣವಾಗುತ್ತದೆ. ಹಿಂಬಾಗಿಲ ಅಂಚಿನ ಸ್ಪಂಜು ಡಾಂಬರಿನಂತಾಗಿದ್ದರೂ ಅಗ್ಗದಲ್ಲಿ ಬದಲಿಸಬಹುದು. ಲೆನ್ಸನ್ನು ಬೆಳಕಿಗೆ ಹಿಡಿದಾಗ ಜೇಡರ ಬಲೆಯಂಥ ಎಳೆ ಕಂಡರೆ ಮಾತ್ರ ಬಿಟ್ಟುಬನ್ನಿ. ಅದು ಬೂಷ್ಟು. ಮುಂಬಯಿ, ಮದರಾಸಿನ ತೇವದಲ್ಲಿ, ಅದರಲ್ಲೂ ಚರ್ಮದ ಚೀಲದೊಳಗೆ, ಅದು ಚೆನ್ನಾಗಿ ಬೆಳೆಯುತ್ತದೆ. (ಮದರಾಸು ಚೆನ್ನೈ ಆದರೂ ತೇವ ಬದಲಾಗಿಲ್ಲ.)

ಕೊಂಡ ಕೂಡಲೇ ಊರಿನ ಮದುವೆಗೆ ಒಯ್ಯುವ ಉತ್ಸಾಹಿಗಳಿದ್ದಾರೆ. ದಯಮಾಡಿ ಬೇಡ. ಮೊದಲ ಸುರುಳಿಯನ್ನು ಮನೆಯಂಗಳದಲ್ಲೇ ಮುಗಿಸಿ, ತೊಳೆಸಿ ನೋಡಿ. ಪ್ರತಿ ಸಲ ಫಿಲ್ಮ್ ಮುಂದೂಡುವಾಗ ಎಡಗಡೆಯ ಗುಬುಟು ತಿರುಗುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ತಿರುಗದಿದ್ದರೆ ಫಿಲ್ಮ್ ಕಚ್ಚಿಕೊಂಡಿಲ್ಲ. ತಾಳಿ ಕಟ್ಟಿದ್ದು, ಧಾರೆ ಎರೆದದ್ದು ಯಾವುದೂ ಅದರ ಮೇಲೆ ಇರುವುದಿಲ್ಲ. ಇನ್ನೊಮ್ಮೆ ಧಾರೆ ಎರೆಯಿರೆಂದು ಬೀಗರನ್ನು ಕೇಳುವಂತಿಲ್ಲವಷ್ಟೆ!

ಫಿಲ್ಮ್ ತೊಳೆಯುವ ಅಂಗಡಿಯವರಿಂದ ನೆಗೆಟಿವ್‌ಗಳನ್ನು ಕೇಳಿ ಪಡೆಯಿರಿ. ಕೆಲವರು ಸ್ಕ್ಯಾನ್ ಮಾತ್ರ ಕಳುಹಿಸಿ ಅವನ್ನು ಎಸೆದುಬಿಡುತ್ತಾರೆ.