ಆ ಹನ್ನೆರಡು ಕುರ್ಚಿಗಳಲ್ಲಿ ಕೂತವರು

ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿ ಮನಸ್ಸು ಕಲಕಿಕೊಂಡವರು ಶಿವಮೊಗ್ಗದಲ್ಲೂ ಇದ್ದಾರೆ, ಭದ್ರಾವತಿಯಲ್ಲೂ ಇದ್ದಾರೆ. 1960ರಲ್ಲಿ ಬಂದು ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆದ ಕಾದಂಬರಿ ಅದು. ಅಲಬಾಮದ ಒಂದು ಸಣ್ಣ ಊರಿನಲ್ಲಿ ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯವನ ಮೇಲೆ ಬಿಳಿಯ ಹುಡುಗಿಯನ್ನು ಕೆಡಿಸಿದನೆಂಬ ಸುಳ್ಳು ಆರೋಪ ಬರುತ್ತದೆ. ಹುಡುಗಿಯ ಮುಖದ ಬಲಭಾಗಕ್ಕೆ ಏಟು ಬಿದ್ದಿದೆ. ಹೊಡೆದವನು ಎಡಗೈಯವನೇ ಇರಬೇಕು. ಟಾಮ್‌ನ ಎಡಗೈ ಯಂತ್ರಕ್ಕೆ ಸಿಕ್ಕಿ ಚಿಕ್ಕಂದಿನಲ್ಲೇ ಸ್ವಾಧೀನ ತಪ್ಪಿದೆ. ಎಡಗೈಯಲ್ಲಿ ಸಹಿ ಮಾಡುವವನು ಹುಡುಗಿಯ ಅಪ್ಪ. ವಕೀಲ ಆಟಿಕಸ್ ಫಿಂಚ್ ಇದನ್ನೆಲ್ಲ ಕೋರ್ಟಿನಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾನೆ. ಆದರೂ ಬಿಳಿಯರ ಜ್ಯೂರಿ ಟಾಮ್‌ನನ್ನು ತಪ್ಪಿತಸ್ಥನೆನ್ನುತ್ತದೆ.

ಓದಿದವರೆಲ್ಲ ತಮ್ಮನ್ನು ಆಟಿಕಸ್‌ನ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ತಾನು ಜ್ಯೂರಿಯ ಹನ್ನೆರಡು ಮಂದಿಯಲ್ಲೊಬ್ಬ ಎಂದುಕೊಂಡು ಪುಸ್ತಕ ಮುಚ್ಚಿದವರನ್ನು ನಾನಂತೂ ಕಂಡಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಆ ಹನ್ನೆರಡು ಜನ ರಾಕ್ಷಸರಾಗಿರಲಿಲ್ಲ. ಹೊಲ ಉಳುವವರು, ಚರ್ಚಿಗೆ ಹೋಗುವವರು, ಸಾಲ ತೀರಿಸುವವರು. ನಮ್ಮ ಹಾಗೆಯೇ ಮರ್ಯಾದಸ್ಥರು. ಅವರು ಮಾಡಿದ ಅನ್ಯಾಯ ಅವರ ಮರ್ಯಾದೆಯ ಒಳಗೇ ಇತ್ತು.

ನಮ್ಮ ದೇಶದಲ್ಲಿ ಜ್ಯೂರಿ ಇಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಕಾಗದದ ಮೇಲೆ ಇಲ್ಲ, ನಿಜ. 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಜಾಗ ಕೊಡಲಿಲ್ಲ. ಆದರೆ ಜಾತಿ ದೌರ್ಜನ್ಯದ ಮೊಕದ್ದಮೆಗಳಲ್ಲಿ ಜ್ಯೂರಿ ಇವತ್ತಿಗೂ ಕೂರುತ್ತದೆ. ಕೋರ್ಟ್ ಹಾಲಿನಲ್ಲಲ್ಲ, ಸಾಕ್ಷಿಯ ಮನೆ ಜಗಲಿಯಲ್ಲಿ. ನ್ಯಾಯಾಧೀಶರ ಮುಂದೆ ಫೈಲು ಬರುವ ಮೊದಲೇ ಊರು ತನ್ನ ತೀರ್ಪು ಕೊಟ್ಟಿರುತ್ತದೆ. ನೋಡಿದವನು ‘ನಾನು ನೋಡಿಲ್ಲ’ ಎನ್ನುತ್ತಾನೆ. ಪೊಲೀಸರಿಗೆ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ತಿರುಗಿಬೀಳುತ್ತದೆ.

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಮನೆಗೆ ಬೆಂಕಿ ಹಚ್ಚಿ ಜೀವಂತ ಸುಟ್ಟರು. ಬೂದಿಯಾದ ಮನೆಯನ್ನು ನಾಡೇ ನೋಡಿತು. 2006ರಲ್ಲಿ ಸಾಕ್ಷಿಗಳು ಸಾಲುಸಾಲಾಗಿ ಪ್ರತಿಕೂಲರಾದರು, ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ. ಕೊಂದವರು ಮಾತ್ರ ಕಾನೂನಿನ ಕಣ್ಣಿಗೆ ಯಾರೂ ಇಲ್ಲ. ಅಲಬಾಮದ ಜ್ಯೂರಿ ನಿರಪರಾಧಿಗೆ ಶಿಕ್ಷೆ ಕೊಟ್ಟಿತು. ನಮ್ಮ ಜ್ಯೂರಿ ಅಪರಾಧವನ್ನೇ ಅನಾಥ ಮಾಡಿತು. ಎರಡೂ ಕಡೆ ಬೆಲೆ ತೆತ್ತವರು ಕೆಳಗಿದ್ದವರೇ.

ಕಂಬಾಲಪಲ್ಲಿಗೂ ನಮಗೂ ಏನು ಸಂಬಂಧ ಎನ್ನುವ ಮಾತು ಈಗ ಬರುತ್ತದೆ. ಅದು ಬಯಲುಸೀಮೆ, ನಮ್ಮದು ಮಲೆನಾಡಿನ ಹೆಬ್ಬಾಗಿಲು. ನಮ್ಮದು ಕುವೆಂಪು ಬೆಳೆದ ಜಿಲ್ಲೆ. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರಿಗೆ ಎದುರು ನಿಂತ ಜಿಲ್ಲೆ. ಭದ್ರಾವತಿಯಂತೂ ಕಾರ್ಖಾನೆ ಊರು, ಕುಲುಮೆಯ ಮುಂದೆ ಜಾತಿ ಎಲ್ಲಿಯದು? ಈ ಹೆಮ್ಮೆಯನ್ನೇ ನಾನು ಸೋಮಾರಿತನ ಎನ್ನುತ್ತಿದ್ದೇನೆ. ಕುವೆಂಪು ದುಡಿದದ್ದು ಕುವೆಂಪು ಲೆಕ್ಕಕ್ಕೆ, ಕಾಗೋಡಿನವರು ಜೈಲಿಗೆ ಹೋದದ್ದು ಕಾಗೋಡಿನವರ ಲೆಕ್ಕಕ್ಕೆ. ಅವರ ಪುಣ್ಯದ ಬಡ್ಡಿಯಲ್ಲಿ ನಾವು ಜೀವನ ಮಾಡುವಂತಿಲ್ಲ.

ಭದ್ರಾವತಿಯ ಹೆಮ್ಮೆಯನ್ನೇ ತೆಗೆದುಕೊಳ್ಳಿ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ಹರಿಹರದಲ್ಲಾದರೂ ಪಾಠ ಹೇಳಿದ್ದು ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ, ಕನ್ನಡ ಮೇಷ್ಟ್ರಾಗಿ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬ ಸಚಿವ ಬಿ. ಬಸವಲಿಂಗಪ್ಪನವರ ಮಾತಿಗೆ ನಾಡಿನಲ್ಲಿ ಗಲಾಟೆ ಎದ್ದು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರು ಕುರ್ಚಿ ಬಿಟ್ಟರು. ಆ ಕುದಿಯಲ್ಲೇ ಕೃಷ್ಣಪ್ಪನವರ ಜೊತೆ ಸಂಘಟನೆ ಬೆಳೆಯಿತು. ಆ ಜನ ಯಾವ ಆಟಿಕಸ್‌ಗೂ ಕಾಯಲಿಲ್ಲ. ಮೇಲ್ಜಾತಿಯ ಒಬ್ಬ ಒಳ್ಳೆಯ ವಕೀಲ ಬಂದು ತಮ್ಮ ಪರ ಮಾತಾಡಲಿ ಎಂದು ಗ್ಯಾಲರಿಯಲ್ಲಿ ಕೂರಲಿಲ್ಲ. ತಾವೇ ಮಾತಾಡಿದರು, ಹಳ್ಳಿಗಳಿಗೆ ನಡೆದುಹೋದರು. 1986ರಲ್ಲಿ ಇದೇ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋಗಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕರು.

1997ರಲ್ಲಿ ಕೃಷ್ಣಪ್ಪ ತೀರಿಕೊಂಡರು. ಈಗ ಅವರ ಫೋಟೋಗೆ ಹಾರ ಹಾಕುತ್ತೇವೆ, ಏಪ್ರಿಲ್ 14ರಂದು ಅಂಬೇಡ್ಕರ್ ಪ್ರತಿಮೆಗೂ ಹಾಕುತ್ತೇವೆ. ಮಾರನೆಯ ದಿನ ಮನೆ ಬಾಡಿಗೆಗೆ ಕೇಳಿಕೊಂಡು ಬಂದವರ ಮುಂದೆ ನಮ್ಮ ಬಾಯಿಂದ ಮೊದಲು ಬರುವ ಪ್ರಶ್ನೆ: ‘ನೀವು ಯಾವ ಜನ?’ ಅಷ್ಟು ನೇರವಾಗಿ ಕೇಳಲು ಸಂಕೋಚವಾದರೆ ‘ವೆಜ್ಜಾ, ನಾನ್‌ವೆಜ್ಜಾ?’ ಉತ್ತರ ಒಗ್ಗದಿದ್ದರೆ ಮನೆ ಆಗಲೇ ‘ಬೇರೆಯವರಿಗೆ ಮಾತಾಗಿದೆ’. ಗೋಪಾಳವಾಗಲಿ, ವಿನೋಬನಗರವಾಗಲಿ, ನ್ಯೂ ಟೌನ್ ಆಗಲಿ, ಈ ಪ್ರಶ್ನೆ ಗೊತ್ತಿಲ್ಲದ ಬೀದಿ ತೋರಿಸಿ. ಓದಿದವರು, ಪಿಂಚಣಿ ಬರುವವರು, ಪುಸ್ತಕ ಬಿಡುಗಡೆಗೆ ಮುಂದಿನ ಸಾಲಿನಲ್ಲಿ ಕೂರುವವರು ಕೇಳುವ ಪ್ರಶ್ನೆ ಇದು.

ಇದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ. ಹಳ್ಳಿಯಲ್ಲಿ ದಲಿತರ ಮೇಲೆ ಹಲ್ಲೆಯಾಯಿತೆಂಬ ಸುದ್ದಿ ಬಂದ ಕೂಡಲೇ ನಗರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ತೀರ್ಪು ಕೊಡುವುದು: ‘ಅಟ್ರಾಸಿಟಿ ಕೇಸುಗಳೆಲ್ಲ ಸುಳ್ಳು. ನೋಡಿ, ಎಷ್ಟು ಕೇಸು ಬಿದ್ದುಹೋಗ್ತವೆ.’ ಬಿಡುಗಡೆಯಾಯಿತು ಎಂದ ಮಾತ್ರಕ್ಕೆ ಘಟನೆಯೇ ನಡೆದಿಲ್ಲ ಎಂದಾಗುವುದಾದರೆ ಕಂಬಾಲಪಲ್ಲಿಯ ಏಳು ಜನ ಇವತ್ತು ಬದುಕಿರಬೇಕಿತ್ತು. ಕೇಸು ಬೀಳುವುದು ತನಿಖೆ ಸಡಿಲವಾದಾಗ, ವರ್ಷಗಟ್ಟಲೆ ವಾಯಿದೆ ಎಳೆದಾಗ, ಎದುರುದೂರು ದಾಖಲಾದಾಗ, ಕೂಲಿ ಕೊಡುವ ಧಣಿಯ ವಿರುದ್ಧ ಕಟಕಟೆ ಹತ್ತಬೇಕಾದವನ ಮನೆಯಲ್ಲಿ ಒಲೆ ಉರಿಯದಾದಾಗ. ಸುಳ್ಳು ದೂರು ಕೊಟ್ಟವರಿದ್ದರೆ ಕೋರ್ಟು ಅದನ್ನೂ ತೂಗಲಿ. ಫೈಲು ಬಿಚ್ಚುವ ಮೊದಲೇ ಸುಳ್ಳೆನ್ನುವವರು ಟಾಮ್‌ನ ಮಾತು ಕೇಳುವ ಮೊದಲೇ ಮನಸ್ಸು ಮಾಡಿದ್ದ ಹನ್ನೆರಡು ಜನರಿಗಿಂತ ಹೇಗೆ ಬೇರೆ?

ಇನ್ನು ಹಿರಿಯರ ರಾಜಿ. ‘ಊರು ಒಡೀಬೇಡಿ, ನಾಲ್ಕು ದುಡ್ಡು ಕೊಡಿಸ್ತೀವಿ, ನಾಳೆ ಒಂದೇ ಊರಲ್ಲಿ ಬಾಳಬೇಕು.’ ಈ ಮಾತನ್ನು ಹೊಡೆಸಿಕೊಂಡವನಿಗೇ ಹೇಳುತ್ತಾರೆ, ಹೊಡೆದವನಿಗಲ್ಲ. ಊರು ಒಡೆದದ್ದು ಹೊಡೆದವನ ಕೈಯಿಂದ; ಕೂಡಿಸುವ ಭಾರ ಮಾತ್ರ ಬೆನ್ನು ಬಾತವನ ಮೇಲೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳು ಜಗಲಿಕಟ್ಟೆಯಲ್ಲಿ ಇತ್ಯರ್ಥ ಮಾಡುವಂಥವಲ್ಲ. ಹಾಗೆ ಮಾಡಿಸುವವರು ಶಾಂತಿಯ ದೂತರಲ್ಲ, ಸಾಕ್ಷ್ಯ ಅಳಿಸುವವರು.

ಕಾನೂನಿನಲ್ಲಿ ದಾರಿಗಳಿವೆ. ಇಂಥ ಪ್ರಕರಣದ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಮಾಡಬೇಕು. 2016ರಿಂದ ಜಾರಿಯಾದ ತಿದ್ದುಪಡಿ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣವೆಚ್ಚ, ಬೇಕಾದರೆ ಬೇರೆಡೆ ವಸತಿಯ ಹಕ್ಕು ಕೊಟ್ಟಿದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆ ಸಭೆ ಯಾವಾಗ ನಡೆಯಿತು, ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಸಿಕ್ಕಿತು ಎಂದು ಶಿವಮೊಗ್ಗದ ಎಷ್ಟು ಓದುಗರು ಒಮ್ಮೆಯಾದರೂ ವಿಚಾರಿಸಿದ್ದೀರಿ?

ಸಾಕ್ಷಿ ನಿಂತರೆ ಏನಾಗುತ್ತದೆ ಎಂಬುದಕ್ಕೂ ನಾಡಿನಲ್ಲಿ ಉದಾಹರಣೆ ಇದೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆಯಾಗಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ, ಬಹುತೇಕರು ಜಾಮೀನಿನ ಮೇಲೆ ಹೊರಬಂದಿದ್ದಾರೆ. ಕೊನೆಯ ತೀರ್ಪು ಏನೇ ಬರಲಿ, ಹತ್ತು ವರ್ಷ ಅದೇ ಊರಿನಲ್ಲಿ ಬಾಳುತ್ತಲೇ ಮಾತು ಬದಲಿಸದೆ ಕಟಕಟೆ ಹತ್ತಿದ ಬಡವರಿದ್ದರು. ಕಳೆದುಕೊಳ್ಳುವ ಅಪಾಯ ಅವರಿಗಿಂತ ಕಡಿಮೆ ಇರುವ ನಾವು ಯಾವ ಭಯಕ್ಕೆ ಬಾಯಿ ಮುಚ್ಚಿದ್ದೇವೆ?

ಮಾಡಬೇಕಾದದ್ದು ದೊಡ್ಡ ತ್ಯಾಗವೇನಲ್ಲ. ಬಾಡಿಗೆಗೆ ಬಂದವರ ಜಾತಿ ಕೇಳಬೇಡಿ. ಪಕ್ಕದ ಮನೆಯವರು ಕೇಳಿದರೆ ತಪ್ಪೆಂದು ಮುಖದ ಮೇಲೆ ಹೇಳಿ. ಕಂಡದ್ದನ್ನು ಪೊಲೀಸರಿಗೆ ಹೇಳಿ, ಹೇಳಿದ್ದನ್ನು ಕೋರ್ಟಿನಲ್ಲೂ ಹೇಳಿ. ದೌರ್ಜನ್ಯ ಪ್ರಕರಣದ ವಿಚಾರಣೆ ಇರುವ ದಿನ ವಿಶೇಷ ನ್ಯಾಯಾಲಯದ ಬೆಂಚಿನ ಮೇಲೆ ಹೋಗಿ ಕೂತುಕೊಳ್ಳಿ. ಸಾಕ್ಷಿ ಒಬ್ಬಂಟಿಯಲ್ಲವೆಂದು ಎದುರು ಪಕ್ಷದವರು ಕಾಣಲಿ. ರಾಜಿಗೆ ಕರೆದ ಹಿರಿಯರಿಗೆ, ಅವರು ನಿಮ್ಮ ಸೋದರಮಾವನೇ ಆಗಿರಲಿ, ಬರುವುದಿಲ್ಲ ಎನ್ನಿ.

ಇಷ್ಟೂ ಆಗದು ಎನ್ನುವವರು ಟಾಮ್ ರಾಬಿನ್ಸನ್ನನಿಗಾಗಿ ಮರುಗಿದೆವು ಎಂದು ಹೇಳಿಕೊಳ್ಳುವುದನ್ನು ನಿಲ್ಲಿಸಬೇಕು. ಸಾವಿರಾರು ಮೈಲಿ ದೂರದ, ಕಾದಂಬರಿಯೊಳಗಿನ ಮನುಷ್ಯನಿಗೆ ಮರುಗಲು ಖರ್ಚಿಲ್ಲ. ಅವನು ನಿಮ್ಮ ಮನೆ ಬಾಡಿಗೆಗೆ ಕೇಳುವುದಿಲ್ಲ, ನಿಮ್ಮನ್ನು ಸಾಕ್ಷಿಗೆ ಕರೆಯುವುದಿಲ್ಲ. ಕರೆಯುವವರು ಇಲ್ಲೇ, ಇದೇ ತಾಲ್ಲೂಕುಗಳಲ್ಲಿ ಇದ್ದಾರೆ. ಅವರ ಕರೆಗೆ ನೀವು ಕೊಡುವ ಉತ್ತರವೇ ನಿಮ್ಮ ತೀರ್ಪು, ಅದರ ಹೊಣೆಯೂ ನಿಮ್ಮದೇ.