ಮೇಲ್ದುಟಿಯ ಮೇಲೆ ಯಾರ ಅಧಿಕಾರ?

ಕುಸ್ತಿಯಲ್ಲಿ ಕೆಳಗೆ ಬಿದ್ದ ಜಟ್ಟಿಯು ತನ್ನ ಮೀಸೆ ಮಣ್ಣಾಗಲಿಲ್ಲವೆಂದು ಸಮಾಧಾನಪಟ್ಟುಕೊಂಡ ಗಾದೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಮೀಸೆಯೆಂದರೆ ನಮ್ಮಲ್ಲಿ ಬರಿಯ ಕೂದಲಲ್ಲ, ಅದು ಮಾನ. ಆದರೆ ಆ ಮಾನ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬುದನ್ನು ನಿರ್ಧರಿಸುವವರು ಯಾರು?

2019ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸೆರೆಯಾಳಾಗಿದ್ದ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಮಾರ್ಚ್ 1ರಂದು ತಾಯ್ನಾಡಿಗೆ ಮರಳಿದಾಗ ಅವರ ಮೀಸೆಯು ದೇಶದ ಮೀಸೆಯಾಯಿತು. ಕ್ಷೌರದಂಗಡಿಗಳಲ್ಲಿ ಯುವಕರು ಅದೇ ಮಾದರಿಯನ್ನು ಕೇಳಿ ಕುಳಿತರು. ಜೂನ್ ತಿಂಗಳಲ್ಲಿ ಕಾಂಗ್ರೆಸ್ ನಾಯಕ ಅಧೀರ್ ರಂಜನ್ ಚೌಧರಿಯವರು ಅದನ್ನು ರಾಷ್ಟ್ರೀಯ ಮೀಸೆಯೆಂದು ಘೋಷಿಸಬೇಕೆಂದು ಲೋಕಸಭೆಯಲ್ಲೇ ಬೇಡಿಕೆಯಿಟ್ಟರು. ಧೀರನನ್ನು ಗೌರವಿಸುವುದರಲ್ಲಿ ನಮ್ಮ ತಕರಾರಿಲ್ಲ. ಆದರೆ ರಾಷ್ಟ್ರಕ್ಕೊಂದು ಮೀಸೆಯನ್ನು ಕೊಡುವ ಮುನ್ನ, ಈ ರಾಷ್ಟ್ರದಲ್ಲಿ ಮೀಸೆ ಬಿಡಲು ಎಲ್ಲರಿಗೂ ಅನುಮತಿಯಿದೆಯೇ ಎಂದು ವಿಚಾರಿಸಬೇಕಿತ್ತು.

ಅದಕ್ಕೆ ಎರಡು ವರ್ಷಗಳಷ್ಟೂ ಹಿಂದಲ್ಲ, 2017ರ ಸೆಪ್ಟೆಂಬರ್‌ನಲ್ಲಿ, ಗುಜರಾತಿನ ಗಾಂಧಿನಗರ ಜಿಲ್ಲೆಯ ಲಿಂಬೋದರಾ ಗ್ರಾಮದಲ್ಲಿ ಮೀಸೆ ಬಿಟ್ಟ ಕಾರಣಕ್ಕೆ ಮೇಲ್ಜಾತಿಯವರು ಥಳಿಸಿದರೆಂದು ದಲಿತ ಯುವಕರು ಪೊಲೀಸರಿಗೆ ದೂರು ಕೊಟ್ಟರು. ಮಹಾತ್ಮನ ಹೆಸರು ಹೊತ್ತ ಜಿಲ್ಲೆ, ರಾಜ್ಯದ ರಾಜಧಾನಿಯ ಮಗ್ಗುಲು! ಅಲ್ಲಿನ ದಲಿತ ತರುಣರು ಇದಕ್ಕೆ ಕೊಟ್ಟ ಉತ್ತರ ಮಾತ್ರ ಅಪೂರ್ವವಾಗಿತ್ತು. ಕಲ್ಲೆಸೆಯಲಿಲ್ಲ, ಮೀಸೆ ತಿರುವುತ್ತಿರುವ ತಮ್ಮ ಚಿತ್ರಗಳನ್ನು ನೂರಾರು ಮಂದಿ ಪ್ರಕಟಿಸಿದರು. ವಾಟ್ಸ್‌ಆ್ಯಪ್‌ನಲ್ಲಿ ತಮ್ಮ ಮುಖದ ಬದಲು ಮೀಸೆ, ಕಿರೀಟ ಹಾಗೂ ‘ಮಿಸ್ಟರ್ ದಲಿತ್’ ಎಂಬ ಬರಹವನ್ನು ಇರಿಸಿಕೊಂಡರು.

ಇದು ಗುಜರಾತಿನದ್ದಷ್ಟೇ ರೋಗವಲ್ಲ. ನೆರೆಯ ತಿರುವಾಂಕೂರಿನ ಅರಸೊತ್ತಿಗೆಯಲ್ಲಿ ತಲೆಗೆ ತೆರಿಗೆಯಿದ್ದಂತೆ ಮೀಸೆಗೂ ತೆರಿಗೆಯಿತ್ತು. ಕೆಳಜಾತಿಯವನು ದೇವರು ಕೊಟ್ಟ ಕೂದಲನ್ನು ಉಳಿಸಿಕೊಳ್ಳಬೇಕಾದರೂ ಅರಸನಿಗೆ ಹಣ ತೆರಬೇಕಿತ್ತು.

ಬ್ರಿಟಿಷರೂ ಇದೇ ಗುಂಗಿನಲ್ಲಿದ್ದರು. 1805ರ ನವೆಂಬರ್‌ನಲ್ಲಿ ಮದ್ರಾಸ್ ಸೇನೆಯ ದಂಡನಾಯಕ ಸರ್ ಜಾನ್ ಕ್ರ್ಯಾಡಕ್‌ನ ಕಾಲದಲ್ಲಿ ಒಂದು ಆಜ್ಞೆ ಹೊರಟಿತು. ಸಿಪಾಯಿಗಳು ಹಣೆಗೆ ಜಾತಿಯ ಗುರುತು ಹಚ್ಚುವಂತಿಲ್ಲ, ಸಮವಸ್ತ್ರದಲ್ಲಿರುವಾಗ ಕಿವಿಯಲ್ಲಿ ಒಂಟಿ ತೊಡುವಂತಿಲ್ಲ, ಗದ್ದ ಬೋಳಿಸಬೇಕು, ಮೀಸೆಯ ಪ್ರಮಾಣವೂ ಆಕಾರವೂ ಎಲ್ಲರದ್ದೂ ಒಂದೇ ಆಗಿರಬೇಕು! ಜೊತೆಗೆ ಚರ್ಮದ ತುರಾಯಿಯುಳ್ಳ ಹೊಸ ಪೇಟ. ಹಿಂದೂವಿಗೂ ಮುಸ್ಲಿಮನಿಗೂ ಒಟ್ಟೊಟ್ಟಿಗೆ ನೋವಾಗುವಂತೆ ಇದಕ್ಕಿಂತ ಉತ್ತಮ ಆಜ್ಞೆಯನ್ನು ಯಾರೂ ಬರೆಯಲಾರರು. ವಿರೋಧಿಸಿದವರಿಗೆ ಚಾಟಿಯೇಟು ಬಿತ್ತು. 1806ರ ಜುಲೈ 10ರ ನಸುಕಿನಲ್ಲಿ ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ಬಂಡೆದ್ದರು. ಅಲ್ಲೇ ಟಿಪ್ಪು ಸುಲ್ತಾನರ ಮಕ್ಕಳನ್ನು ಬಂಧನದಲ್ಲಿರಿಸಲಾಗಿತ್ತು. ಬಂಡಾಯಗಾರರು ಕೋಟೆಯ ಮೇಲೆ ಮೈಸೂರಿನ ಧ್ವಜವನ್ನೇ ಹಾರಿಸಿದರು. ಆರ್ಕಾಟಿನಿಂದ ಧಾವಿಸಿ ಬಂದ ಗಿಲ್ಲೆಸ್ಪಿಯ ಕುದುರೆಪಡೆ ಅದೇ ದಿನ ಬಂಡಾಯವನ್ನು ರಕ್ತದಲ್ಲಿ ಮುಳುಗಿಸಿತು. ನೂರಾರು ಸಿಪಾಯಿಗಳು ಹತರಾದರು. ಟಿಪ್ಪುವಿನ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಬಂಡಾಯಕ್ಕೆ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಆದರೆ ಕಂಪೆನಿ ಸರಕಾರ ಆ ಆಜ್ಞೆಗಳನ್ನು ಹಿಂದೆಗೆದುಕೊಂಡು, ಕ್ರ್ಯಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ಹಿಂದಕ್ಕೆ ಕರೆಸಿಕೊಂಡದ್ದೇಕೆ? ಮುಖದ ಮೇಲೆ ಕೈಯಿಟ್ಟದ್ದು ತಪ್ಪೆಂದು ಅವರಿಗೂ ತಿಳಿದಿತ್ತು.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ತಮಾಷೆ ನೋಡಿ: ಅದೇ ಬ್ರಿಟಿಷರು ತಮ್ಮ ಸ್ವಂತ ಸೈನಿಕರು ಮೇಲ್ದುಟಿಯನ್ನು ಬೋಳಿಸಲೇಬಾರದೆಂದು ನಿಯಮ ಮಾಡಿದರು. 1916ರವರೆಗೂ, ಮಹಾಯುದ್ಧದ ನಡುವೆಯೂ, ಆ ನಿಯಮ ಜೀವಂತವಾಗಿತ್ತು!

ನಮ್ಮ ಸ್ವತಂತ್ರ ಆಡಳಿತಕ್ಕಾದರೂ ಬುದ್ಧಿ ಬಂದಿದೆಯೇ? 2004ರಲ್ಲಿ ಮಧ್ಯಪ್ರದೇಶದ ಆದಿವಾಸಿಗಳೇ ಬಹುಸಂಖ್ಯಾತರಾಗಿರುವ ಝಾಬುವಾ ಜಿಲ್ಲೆಯಲ್ಲಿ ಮೀಸೆ ಬೆಳೆಸುವ ಪೊಲೀಸರಿಗೆ ತಿಂಗಳಿಗೆ 30 ರೂಪಾಯಿ ಭತ್ಯೆ ಪ್ರಕಟಿಸಲಾಯಿತು; ಮೀಸೆಯಿದ್ದರೆ ಜನ ಗೌರವಿಸುತ್ತಾರಂತೆ. ನ್ಯಾಯ ಕೊಟ್ಟರೆ ಗೌರವಿಸುತ್ತಾರೆಂಬುದು ಯಾರಿಗೂ ಹೊಳೆಯಲಿಲ್ಲ. 2022ರ ಜನವರಿಯಲ್ಲಿ ಅದೇ ರಾಜ್ಯ, ಉದ್ದ ಮೀಸೆಯನ್ನು ಕತ್ತರಿಸಲೊಪ್ಪದ ಪೊಲೀಸ್ ಪೇದೆಯೊಬ್ಬರನ್ನು ಅಮಾನತುಗೊಳಿಸಿ, ಟೀಕೆ ಬಂದೊಡನೆ ಆದೇಶವನ್ನು ಹಿಂಪಡೆಯಿತು. ಅಭಿನಂದನ್‌ರ ಮೀಸೆಯನ್ನು ಕೊಂಡಾಡಿದ ವಾಯುಪಡೆಯಲ್ಲೇ ಗಡ್ಡ ಬಿಡಬಯಸಿದ ಮುಸ್ಲಿಮ್ ಸಿಬ್ಬಂದಿಯೊಬ್ಬರು ಕೆಲಸ ಕಳೆದುಕೊಂಡರು. 2016ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಶಿಸ್ತು ಮತ್ತು ಏಕರೂಪತೆಯ ಹೆಸರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಸೇನೆಗೆ ಶಿಸ್ತು ಬೇಕು, ಒಪ್ಪೋಣ. ಒಂದೇ ಮುಖದಲ್ಲಿ ಮೇಲಿನ ಕೂದಲು ಶೌರ್ಯವಾಗಿ, ಕೆಳಗಿನ ಕೂದಲು ಅಶಿಸ್ತಾಗುವ ಬಗೆ ಮಾತ್ರ ನಮಗೆ ಅರ್ಥವಾಗಿಲ್ಲ.

ಇತರರತ್ತ ಬೆರಳು ತೋರುವ ನಮ್ಮ ಮನೆಗಳ ಅವಸ್ಥೆಯಾದರೂ ಏನು? ಮೀಸೆಯನ್ನು ಕತ್ತರಿಸಿ, ಗಡ್ಡ ಬಿಡಿರೆಂಬ ಪ್ರವಾದಿವಚನವನ್ನು ನಾವೆಲ್ಲ ಬಲ್ಲೆವು. ಮೇಲ್ದುಟಿಯ ಮೀಸೆಯನ್ನು ಚೆನ್ನಾಗಿಯೇ ಕತ್ತರಿಸಿದ್ದೇವೆ. ಆದರೆ ಮಗನ ಮದುವೆಯ ಮಾತುಕತೆಗೆ ಕುಳಿತು ಹೆಣ್ಣಿನ ತಂದೆಯೆದುರು ಲಕ್ಷಗಳ ಲೆಕ್ಕ ಹೇಳುವಾಗ, ಮನಸ್ಸಿನೊಳಗೆ ನಾವು ತಿರುವುತ್ತಿರುವುದು ಏನನ್ನು?